ಕಾಡಿನೊಳಗೆ ಲಂಟಾನ, ಕಟ್ಟೆ ಹೂಳು, ನೀರಿನ ಪೈಪ್: ಅನುಮತಿ ಯಾರ ಹತ್ತಿರ, ಯಾವ ಕ್ರಮದಲ್ಲಿ? (ಮೇಲುಕೋಟೆ ಸುತ್ತ)

ಪಾಂಡವಪುರದಿಂದ

ಮೇಲುಕೋಟೆ ಕಡೆಯ ಬೆಟ್ಟದ ಬುಡದ ಒಂದು ಗ್ರಾಮ ಪಂಚಾಯಿತಿ ಪರವಾಗಿ ಕೇಳ್ತಿದ್ದೀನಿ. ಊರಿಗೆ ಅಂಟಿದ ಸರ್ಕಾರಿ ಕಾಡಿನಲ್ಲಿ ಮೂರು ಕೆಲಸ ಆಗಬೇಕು. ಒಂದು, ಸುಮಾರು 25 ಹೆಕ್ಟೇರಲ್ಲಿ ಹಬ್ಬಿರೋ ಲಂಟಾನ ಅನ್ನೋ ಕಳೆ ಪೊದೆ ತೆಗೆಯೋದು. ಎರಡು, ಒಳಗಿರುವ ಹಳೇ ಕಟ್ಟೆ ಹೂಳೆತ್ತೋದು. 40 ಮೀಟರ್ ಉದ್ದ, 30 ಮೀಟರ್ ಅಗಲ ಇದೆ, ಹೂಳು ಹೊಲಕ್ಕೆ ಬೇಕು ಅಂತ ರೈತರು ಕೇಳ್ತಿದ್ದಾರೆ. ಮೂರು, ಬೆಟ್ಟದ ಒರತೆಯಿಂದ ಊರ ತೊಟ್ಟಿಗೆ 600 ಮೀಟರ್ ಕುಡಿಯೋ ನೀರಿನ ಪೈಪ್. ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆದುಕೊಟ್ಟರೆ ಆಗುತ್ತಾ? ಯಾರಿಗೆ ಕೊಡಬೇಕು?

ಹುಣಸೂರು ರಸ್ತೆ

ಅರಣ್ಯ ಭೂಮಿ ಅಂದಮೇಲೆ ಕೇಂದ್ರದ ಅನುಮತಿ ಬೇಕೇ ಬೇಕು. ಅದಕ್ಕೆ ಆನ್‌ಲೈನ್ ಅರ್ಜಿ ತಗೊಳ್ಳೋ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ಪಂಚಾಯಿತಿ ಹೆಸರಲ್ಲಿ ಖಾತೆ ತೆರೆದು ಮೂರು ಕೆಲಸಕ್ಕೂ ನಕ್ಷೆ ಹಾಕಿ ಅರ್ಜಿ ಸಲ್ಲಿಸಿ.

ಗಡಿಕಲ್ಲು

ಇಲ್ಲ, ಇದು ದಾರಿ ತಪ್ಪಿಸುವ ಸಲಹೆ. ಮೂರು ಕೆಲಸ ಮೂರು ಬೇರೆ ಬೇರೆ ಬಾಗಿಲಿಗೆ ಹೋಗುತ್ತವೆ. ಒಂದೇ ಅರ್ಜಿಯಲ್ಲಿ ಹೊಲಿದರೆ ಪೈಪಿಗೆ ಬಂದ ಆಕ್ಷೇಪಣೆಯಲ್ಲಿ ಲಂಟಾನವೂ ಸಿಕ್ಕಿಕೊಂಡು ಎರಡು ಮಳೆಗಾಲ ಕಳೆದುಹೋಗುತ್ತದೆ.

1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರ ತಿದ್ದುಪಡಿ ಆಗಿ ಹೆಸರೂ ಬದಲಾಗಿದೆ. ಆದರೆ ಒಂದು ಮಾತು ಮೊದಲಿಂದಲೂ ಇದೆ: ಕೇಂದ್ರದ ಪೂರ್ವಾನುಮತಿ ಬೇಕಿರುವುದು ಅರಣ್ಯೇತರ ಉದ್ದೇಶಕ್ಕೆ. ಕಾಡಿನ ಸಂರಕ್ಷಣೆ, ಅಭಿವೃದ್ಧಿ, ನಿರ್ವಹಣೆಯ ಕೆಲಸ ಅರಣ್ಯೇತರ ಅಲ್ಲ. ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು, ತರಗು ಸವರಿದ ಪಟ್ಟಿ), ಬೇಲಿ, ಗಡಿ ಗುರುತು, ತಡೆ ಅಣೆ, ಕಾಡುಪ್ರಾಣಿಗಳ ನೀರಿನ ಗುಂಡಿ, ಕಂದಕ ಎಲ್ಲವೂ ಕಲಂ 2ರ ವಿವರಣೆಯಲ್ಲೇ ಹೊರಗಿಟ್ಟ ಕೆಲಸಗಳು. ಹಾಗಾಗಿ ಲಂಟಾನ ತೆಗೆಯುವುದಕ್ಕೆ, ಪ್ರಾಣಿಗಳಿಗಾಗಿ ಕಟ್ಟೆ ಹೂಳೆತ್ತುವುದಕ್ಕೆ ಪರಿವೇಶ್ ಬೇಡ. ಆ ಕೆಲಸಗಳ ಯಜಮಾನ ಅರಣ್ಯ ಇಲಾಖೆಯೇ. ಪಂಚಾಯಿತಿ ಅರ್ಜಿದಾರ ಅಲ್ಲ, ಪ್ರಸ್ತಾವನೆ ಕೊಡುವ ಸಹಭಾಗಿ. ಊರಿಗೆ ನೀರು ತರುವ ಪೈಪ್ ಮಾತ್ರ ಅರಣ್ಯೇತರ.

ಇದೆಲ್ಲಕ್ಕಿಂತ ಮೊದಲು ಒಂದು ಪ್ರಶ್ನೆಗೆ ಕಾಗದದಲ್ಲಿ ಉತ್ತರ ತೆಗೆದುಕೊಳ್ಳಿ: ಆ ಜಾಗ ಯಾವ ಜಾತಿಯ ಅರಣ್ಯ? ಮೇಲುಕೋಟೆ ದೇವಾಲಯ ವನ್ಯಜೀವಿ ಧಾಮ 1974ರಿಂದ ಇದೆ, ಸುಮಾರು 50 ಚದರ ಕಿ.ಮೀ. ನಿಮ್ಮ 25 ಹೆಕ್ಟೇರ್ ಅದರ ಒಳಗೋ ಹೊರಗೋ? ಹೊರಗಾದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಕಲಂ 17ರಲ್ಲಿ ಘೋಷಣೆಯಾದ ಮೀಸಲು ಅರಣ್ಯವೋ, ಮೀಸಲು ಮಾಡುವ ಉದ್ದೇಶವನ್ನಷ್ಟೇ ತಿಳಿಸುವ ಕಲಂ 4ರ ಅಧಿಸೂಚನೆಯಲ್ಲೇ ನಿಂತಿದೆಯೋ, ಪರಿಭಾವಿತ (ಡೀಮ್ಡ್) ಅರಣ್ಯವೋ, ಇಲ್ಲಾ ಬರೀ ಗೋಮಾಳವೋ? ಒಂದೊಂದಕ್ಕೂ ದಾರಿ ಬೇರೆ. ಗೋಮಾಳವಾದರೆ ಅರಣ್ಯಾಧಿಕಾರಿ ಅಲ್ಲ, ತಹಸೀಲ್ದಾರ್.

ಪಾಂಡವಪುರದಿಂದ

ಪಹಣಿಯಲ್ಲಿ 'ಸರ್ಕಾರಿ ಅರಣ್ಯ' ಅಂತಿದೆ. ದಿಶಾಂಕ್ ಆ್ಯಪಲ್ಲೂ ನೋಡಿದ್ವಿ. ಅದು ಸಾಲದಾ ಅಣ್ಣ?

ಗಡಿಕಲ್ಲು

ಸಾಲದು. ಪಹಣಿಯ 9ನೇ ಕಾಲಂ ನೋಡಿ ಕಾಡಿನ ಜಾತಿ ಹೇಳೋಕಾಗಲ್ಲ. ದಿಶಾಂಕ್ ತೋರಿಸೋದು ಸರ್ವೆ ನಂಬರಿನ ಗಡಿ. ಅರಣ್ಯದ ಗಡಿ ಸರ್ವೆ ನಂಬರಿನ ಗೆರೆಯ ಮೇಲೇ ಹೋಗಬೇಕು ಅಂತೇನಿಲ್ಲ. ಹಳೇ ಮೈಸೂರು ಸೀಮೆಯ ಎಷ್ಟೋ ಕಾಡುಗಳ ಅಧಿಸೂಚನೆ 1900ರ ಮೈಸೂರು ಅರಣ್ಯ ರೆಗ್ಯುಲೇಷನ್ ಕಾಲದ್ದು. ಅದರಲ್ಲಿ ಗಡಿಯನ್ನು 'ಇಂಥ ಕಲ್ಲಿನಿಂದ ಗಾಡಿದಾರಿ ಹಿಡಿದು ಹಳ್ಳದವರೆಗೆ' ಅನ್ನೋ ಹಾಗೆ ಬರೆದಿರ್ತಾರೆ. ಗಾಡಿದಾರಿ ಈಗ ಡಾಂಬರು ರಸ್ತೆ, ಹಳ್ಳ ಪಾತ್ರ ಬದಲಿಸಿದೆ. ಆಮೇಲೆ ಜಗಳ ಹುಟ್ಟೋದೇ ಅಲ್ಲಿ.

ವಲಯ ಅರಣ್ಯಾಧಿಕಾರಿಗೆ ಒಂದು ಪುಟದ ಪತ್ರ ಬರೆಯಿರಿ. ಸರ್ವೆ ನಂಬರ್, ಜಾಗದ ಅಂಚಿನ ಸುತ್ತ ನಡೆದು ಮೊಬೈಲಿನಲ್ಲಿ ದಾಖಲಿಸಿದ ಕೆಎಂಎಲ್ (ಡಿಜಿಟಲ್ ನಕ್ಷೆ) ಕಡತ, ಗ್ರಾಮ ನಕ್ಷೆಯ ಪ್ರತಿ ಲಗತ್ತಿಸಿ. ಕೇಳಬೇಕಾದ್ದು ಮೂರು: ಯಾವ ಅಧಿಸೂಚನೆ, ಯಾವ ದಿನಾಂಕ; ಕಂಪಾರ್ಟ್‌ಮೆಂಟ್ (ಇಲಾಖೆ ಕಾಡನ್ನ ವಿಂಗಡಿಸಿದ ತುಂಡು) ನಂಬರ್ ಎಷ್ಟು; ಪ್ರಾದೇಶಿಕ ವಿಭಾಗದ ಕೈಯಲ್ಲಿದೆಯೋ ವನ್ಯಜೀವಿ ವಿಭಾಗದ ಕೈಯಲ್ಲೋ. ಕೆಎಂಎಲ್ ಅನ್ನು ಗೂಗಲ್ ಚಿತ್ರದ ಮೇಲೆ ಕೂತಲ್ಲೇ ಬೆರಳಿನಿಂದ ಎಳೆಯಬೇಡಿ. ದಟ್ಟ ಪೊದೆಯಲ್ಲಿ 15–20 ಮೀಟರ್ ಆಚೀಚೆ ಆದರೂ ಪಕ್ಕದ ಪಟ್ಟಾ ಜಮೀನು ಒಳಗೆ ಬಂದುಬಿಡುತ್ತೆ. ಗಡಿಯ ಬಗ್ಗೆ ಚೂರು ಅನುಮಾನ ಇದ್ದರೂ ಕಂದಾಯ ಇಲಾಖೆ ಜೊತೆ ಜಂಟಿ ಸರ್ವೆ ಆಗಲಿ. ಅದು ಮುಗಿಯೋವರೆಗೆ ಅಂಚಿನ 30 ಮೀಟರ್ ಪಟ್ಟಿ ಬಿಟ್ಟು ಒಳಗಿನದ್ದಕ್ಕೆ ಯೋಜನೆ ಮಾಡಿಕೊಳ್ಳಿ.

ಕರಡಹುಲ್ಲು

ಜಾಗದ ಜಾತಿ ತಿಳಿದ ಮೇಲೆ ನೋಡಬೇಕಾದ ಪುಸ್ತಕ ಒಂದೇ. ಮೀಸಲು ಅರಣ್ಯವಾದರೆ ವಿಭಾಗದ ಕಾರ್ಯಯೋಜನೆ, ಅಂದರೆ ಎಲ್ಲರೂ 'ವರ್ಕಿಂಗ್ ಪ್ಲಾನ್' ಅನ್ನೋದು. ಧಾಮವಾದರೆ ನಿರ್ವಹಣಾ ಯೋಜನೆ. ವರ್ಕಿಂಗ್ ಪ್ಲಾನ್ 10 ವರ್ಷಕ್ಕೆ ಬರೆದಿರ್ತಾರೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದಾಚೆಗೆ ಕೇಂದ್ರ ಒಪ್ಪಿದ ಕಾರ್ಯಯೋಜನೆಯ ಹೊರಗೆ ಕಾಡಿನಲ್ಲಿ ಮರ ಕಡಿಯೋ ಹಾಗಿಲ್ಲ. ನಿಮ್ಮ ಕಂಪಾರ್ಟ್‌ಮೆಂಟಿಗೆ ಅದರಲ್ಲಿ ಏನು ವಿಧಿಸಿದ್ದಾರೆ ಅಂತ ಓದಿ. 'ಕಳೆ ನಿರ್ಮೂಲನ', 'ಮಣ್ಣು–ತೇವಾಂಶ ಸಂರಕ್ಷಣೆ', 'ಸಹಾಯಿತ ನೈಸರ್ಗಿಕ ಪುನರುತ್ಪತ್ತಿ' (ತಾನಾಗಿ ಹುಟ್ಟಿದ ಸಸಿಗಳನ್ನ ಕಾಪಾಡಿ ಬೆಳೆಸೋದು) ಅನ್ನೋ ಮಾತು ಇದ್ದರೆ ನಿಮ್ಮ ಪ್ರಸ್ತಾವನೆಗೆ ಆಧಾರ ಸಿಕ್ಕಿತು. ಪತ್ರದ ಎರಡನೇ ಪ್ಯಾರಾದಲ್ಲೇ ಆ ಪುಟ ಸಂಖ್ಯೆ ಹಾಕಿ. ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ.

ಅದರಲ್ಲಿ ಇಲ್ಲದ ಕೆಲಸಕ್ಕೆ ಅಧಿಕಾರಿ ಎಷ್ಟೇ ಒಳ್ಳೆಯವರಾದರೂ ಸಹಿ ಹಾಕೋದು ಕಷ್ಟ. ಬಾಯಿ ಮಾತಿನ ಒಪ್ಪಿಗೆ ಮೇಲೆ ಶುರು ಮಾಡಬೇಡಿ. ವರ್ಗಾವಣೆ ಆದ ದಿನ ಆ ಮಾತೂ ಹೋಗುತ್ತೆ, ಒಳಗೆ ಮಚ್ಚು ಹಿಡಿದು ನಿಂತವರ ಮೇಲೆ ಮೊಕದ್ದಮೆ ಉಳಿಯುತ್ತೆ.

ಬುಗುರಿ

ಧಾಮದೊಳಗೆ ಅಂತಾದರೆ ಇನ್ನೂ ನಾಲ್ಕು ವಿಷಯ ಸೇರಿಸ್ತೀನಿ. ಇವು ಗೊತ್ತಿಲ್ಲದೆ ಒಳ್ಳೇ ಕೆಲಸಗಳು ಕೆಟ್ಟಿವೆ.

1972ರ ವನ್ಯಜೀವಿ ಕಾಯ್ದೆಯ ಕಲಂ 27 ಪ್ರಕಾರ ಧಾಮದೊಳಗೆ ಹೊರಗಿನವರ ಪ್ರವೇಶಕ್ಕೆ ಪರವಾನಗಿ ಬೇಕು. ಸ್ವಯಂಸೇವಕರಿಗೂ ವಿನಾಯಿತಿ ಇಲ್ಲ. ಕಲಂ 31ರಲ್ಲಿ ಆಯುಧ ಒಯ್ಯೋ ಹಾಗಿಲ್ಲ, ಮತ್ತು ಕಾಯ್ದೆಯ ಆಯುಧದ ವ್ಯಾಖ್ಯೆಯಲ್ಲಿ ಚಾಕುವೂ ಬರುತ್ತೆ. ಆದ್ದರಿಂದ ಅನುಮತಿ ಪತ್ರದಲ್ಲೇ ಜನರ ಪಟ್ಟಿ, ದಿನಾಂಕ, ಮಚ್ಚು ಎಷ್ಟು, ಪಿಕಾಸಿ ಎಷ್ಟು, ಹಾರೆ ಎಷ್ಟು ಅಂತ ಬರೆಸಿಕೊಳ್ಳಿ, ಜೊತೆಗೆ ಇಲಾಖೆಯ ಯಾವ ಸಿಬ್ಬಂದಿ ಸ್ಥಳದಲ್ಲಿರ್ತಾರೆ ಅನ್ನೋದೂ ಇರಲಿ. ಕಲಂ 30 ಬೆಂಕಿ ಹಾಕೋದನ್ನ ತಡೆಯುತ್ತೆ, ಅಂದರೆ ಕಿತ್ತ ಲಂಟಾನ ಗುಡ್ಡೆ ಮಾಡಿ ನೀವೇ ಸುಡೋ ಹಾಗಿಲ್ಲ. ಕಲಂ 32 ವನ್ಯಜೀವಿಗೆ ಹಾನಿ ಮಾಡಬಲ್ಲ ರಾಸಾಯನಿಕ ಬಳಸೋದನ್ನ ತಡೆಯುತ್ತೆ. ಕಳೆನಾಶಕದ ಆಲೋಚನೆ ಇದ್ದರೆ ಈಗಲೇ ಬಿಡಿ.

ಮೇಲುಕೋಟೆ ಕಾಡು ಧಾಮ ಆಗಿದ್ದೇ ತೋಳಕ್ಕಾಗಿ. ತೋಳ ಚಳಿಗಾಲದಲ್ಲಿ ಬಂಡೆ ಸಂದಿಯಲ್ಲಿ, ಪೊದೆ ಬುಡದಲ್ಲಿ ಮರಿ ಹಾಕುತ್ತೆ. ಲಂಟಾನ ಕೆಟ್ಟ ಗಿಡವೇ ಇರಬಹುದು, ಆದರೂ ಇವತ್ತು ಅದೇ ಮರೆ. ಒಂದೇ ಸಲ 25 ಹೆಕ್ಟೇರ್ ಬೋಳಿಸಬೇಡಿ.

ಕರಡಹುಲ್ಲು

ಬುಗುರಿ ಹೇಳಿದ್ದು ಸರಿ. ಕೆಲಸದ ವಿವರಕ್ಕೆ ಬರ್ತೀನಿ, ಯಾಕಂದರೆ ಪ್ರಸ್ತಾವನೆ ಬೀಳೋದು ಹೆಚ್ಚಾಗಿ ಅಂದಾಜಿನಲ್ಲಿ.

ಮೊದಲು 10 ಮೀಟರ್ ಚೌಕದ ಮಾದರಿ ತುಂಡುಗಳನ್ನು ಹಗ್ಗ ಕಟ್ಟಿ ಗುರುತಿಸಿ. 25 ಹೆಕ್ಟೇರಿಗೆ 20–25 ತುಂಡು ಇರಲಿ. ದಾರಿ ಪಕ್ಕದಲ್ಲೇ ಎಲ್ಲ ಹಾಕಬೇಡಿ, ಅಲ್ಲಿ ಲಂಟಾನ ಯಾವಾಗಲೂ ಜಾಸ್ತಿ. ಪ್ರತಿ ತುಂಡಿನಲ್ಲಿ ಲಂಟಾನದ ಬುಡ ಎಷ್ಟು, ಅದರಡಿಯಲ್ಲಿ ದಿಂಡಿಗ, ಕಗ್ಗಲಿ, ನೆಲ್ಲಿ, ಜಾಲ ಇಂಥ ನಾಟಿ ಸಸಿ ಎಷ್ಟು, ಹುಲ್ಲು ಇದೆಯೋ ಇಲ್ಲವೋ ಬರೆದುಕೊಳ್ಳಿ. ಆಮೇಲೆ 20 × 50 ಮೀಟರ್, ಅಂದರೆ ಹೆಕ್ಟೇರಿನ ಹತ್ತನೇ ಒಂದು ಭಾಗ, ಇಲಾಖೆಯ ಒಪ್ಪಿಗೆಯಲ್ಲಿ ನಿಜವಾಗಿ ಕಿತ್ತು ನೋಡಿ. 8 ಆಳಿಗೆ ಒಂದು ದಿನ ಹಿಡಿದರೆ ಹೆಕ್ಟೇರಿಗೆ 80 ಆಳು, 25 ಹೆಕ್ಟೇರಿಗೆ 2,000 ಆಳು. 40 ಜನ ಬಂದರೂ 50 ದಿನ. ಈ ಲೆಕ್ಕ ಬರೆದಾಗಲೇ 'ಎರಡು ಭಾನುವಾರ ಶ್ರಮದಾನ' ಅನ್ನೋ ಮಾತು ನಿಲ್ಲುತ್ತೆ.

ಕೀಳೋ ವಿಧಾನ ಬಹಳ ಮುಖ್ಯ. ಬುಡದ ಮೇಲೆ ಕಡಿದರೆ ಒಂದಕ್ಕೆ ಹತ್ತು ಚಿಗುರು. ತಾಯಿಬೇರನ್ನ ನೆಲಮಟ್ಟದಿಂದ 3–5 ಸೆಂ.ಮೀ. ಕೆಳಗೆ ಪಿಕಾಸಿಯಿಂದ ಕಡಿದು, ಇಡೀ ಪೊದೆಯನ್ನ ಎತ್ತಿ ತಲೆಕೆಳಗಾಗಿ ಇಡಬೇಕು, ಬೇರು ಆಕಾಶಕ್ಕೆ. ಆಗ ಮತ್ತೆ ಬೇರೂರದೆ ಒಣಗುತ್ತೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ರೂಪಿಸಿದ ವಿಧಾನ ಇದು. ಜೆಸಿಬಿ ಬಿಟ್ಟರೆ ವೇಗ ನಿಜ, ಆದರೆ ಮಣ್ಣು ತಿರುವಿ ಹೂತಿದ್ದ ಬೀಜ ಮೇಲೆ ಬರುತ್ತೆ, ಲಂಟಾನದ ಅಡಿಯಲ್ಲಿ ಬದುಕಿದ್ದ ದಿಂಡಿಗದ ಸಸಿ ಚಕ್ರದಡಿ ಹೋಗುತ್ತೆ.

ಒಣಗೋಕೆ ಇಟ್ಟ ಗುಡ್ಡೆ ಮರದ ಬುಡದಲ್ಲಿ ಬೇಡ. ಬೇಸಿಗೆಯಲ್ಲಿ ಕಿಡಿ ಬಿದ್ದರೆ ಆ ಮರವೇ ಮೊದಲು ಹೋಗೋದು.

ಕಾಲ: ಮುಂಗಾರು ಬಿದ್ದು ನೆಲ ಮೆತ್ತಗಾದ ಮೇಲೆ, ಕಾಯಿ ಹಣ್ಣಾಗೋ ಮುಂಚೆ. ಹಣ್ಣಾದ ಮೇಲೆ ಎಳೆದಾಡಿದರೆ ನೀವೇ ಬಿತ್ತಿದ ಹಾಗೆ. ಪಿಕಳಾರ ಹಕ್ಕಿ ಕೂರೋ ಮರಗಳ ಕೆಳಗೆ ಮುಂದಿನ ವರ್ಷ ಸಸಿ ದಂಡಿಯಾಗಿ ಏಳುತ್ತೆ, ಅಲ್ಲಿಗೆ ಮೊದಲು ಹೋಗಿ. ಕನಿಷ್ಠ 3 ವರ್ಷ ಮರುಕೀಳುವಿಕೆ ಇಲ್ಲದ ಯೋಜನೆಗೆ ಹಣ ಹಾಕೋದು ವ್ಯರ್ಥ ಅಂತ ನಾನು ಖಂಡಿತವಾಗಿ ಹೇಳ್ತೀನಿ. ಅಂದಾಜು ಪಟ್ಟಿಯಲ್ಲಿ ಎರಡನೇ, ಮೂರನೇ ವರ್ಷದ ಆಳಿನ ಲೆಕ್ಕ ಇಲ್ಲದಿದ್ದರೆ ಸಹಿ ಹಾಕಿಸಬೇಡಿ.

ಹುಣಸೂರು ರಸ್ತೆ

ಪರಿವೇಶ್ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ಗಡಿಕಲ್ಲು ಅವರು ತಿದ್ದಿದ್ದು ಒಳ್ಳೇದಾಯ್ತು. ಒಂದು ಪ್ರಶ್ನೆ: ತೆರವಾದ ಜಾಗದಲ್ಲಿ ತಕ್ಷಣ ಗಿಡ ನೆಡೋದು ಬೇಡವೇ?

ಕರಡಹುಲ್ಲು

ಗಿಡಕ್ಕಿಂತ ಮುಂಚೆ ಹುಲ್ಲು. ಅದೇ ಬೆಟ್ಟದ ಲಂಟಾನ ಇಲ್ಲದ ಮಗ್ಗುಲಿನಿಂದ, ಮಳೆಗಾಲ ಮುಗಿದು ತೆನೆ ಒಣಗಿದಾಗ ಕರಡದ ಬೀಜ ಕೊಯ್ದು ಗೋಣಿಚೀಲದಲ್ಲಿ ಒಣದಾಗಿ ಇಟ್ಟು, ಮುಂದಿನ ಮುಂಗಾರಿನಲ್ಲಿ ಚೆಲ್ಲಬೇಕು. ಕೊಯ್ಯೋದಕ್ಕೂ ಅನುಮತಿ ಬೇಕು, ಹುಲ್ಲೂ ಅರಣ್ಯ ಉತ್ಪನ್ನವೇ. ನರ್ಸರಿಯಿಂದ ಹೊಂಗೆ, ಬೇವು ತಂದು ಕುರುಚಲು ಕಾಡಿನಲ್ಲಿ ತುಂಬಬೇಡಿ. ತೋಳ, ಮೊಲ, ನವಿಲಿಗೆ ಬೇಕಿರೋದು ಬಯಲು. ಮಾದರಿ ತುಂಡಿನಲ್ಲಿ ಹೆಕ್ಟೇರಿಗೆ ನೂರಾರು ನಾಟಿ ಸಸಿ ಆಗಲೇ ಇದ್ದರೆ ಕಾಯೋದೇ ಕೆಲಸ. ಮೊದಲ ಮಳೆಗೆ ದನ ನುಗ್ಗಿದರೆ ಎಲ್ಲ ಮುಗೀತು, ಹಾಗಾಗಿ ಯಾವ ತುಂಡಿಗೆ ಎಷ್ಟು ತಿಂಗಳು ಮೇವು ಬಂದ್ ಅನ್ನೋದನ್ನ ದನ ಕಾಯೋವರ ಎದುರಲ್ಲೇ, ಗ್ರಾಮಸಭೆಯಲ್ಲಿ ತೀರ್ಮಾನ ಮಾಡಿ ಬರೆಸಿ.

ಕೋಡಿ

ಕಟ್ಟೆ ವಿಷಯ ನಾನು ಹೇಳ್ತೀನಿ. ಅರ್ಧ ಮೀಟರ್ ಹೂಳು ತೆಗೆದರೆ 40 × 30 × 0.5, ಅಂದರೆ 600 ಘನ ಮೀಟರ್. ಟ್ರ್ಯಾಕ್ಟರ್ ಟ್ರೇಲರಿಗೆ 3 ಘನ ಮೀಟರ್ ಹಿಡಿದರೂ 200 ಲೋಡ್. ಅಷ್ಟು ಓಡಾಟಕ್ಕೆ ಕಾಡಿನೊಳಗೆ ದಾರಿಯೇ ಅಗಲ ಆಗಿಬಿಡುತ್ತೆ.

ಅದಕ್ಕಿಂತ ದೊಡ್ಡ ತೊಡಕು ಕಾನೂನಿನದು. ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಕಾಡಿನ ಮೇಲ್ಮಣ್ಣೂ ಅರಣ್ಯ ಉತ್ಪನ್ನ. ಹೂಳನ್ನ ಹೊಲಕ್ಕೆ ಒಯ್ದರೆ ಅದು ಅರಣ್ಯ ಉತ್ಪನ್ನದ ಸಾಗಣೆ. ಧಾಮವಾದರೆ ವನ್ಯಜೀವಿ ಕಾಯ್ದೆಯ ಕಲಂ 29 ಅಡ್ಡ ಬರುತ್ತೆ: ನಿರ್ವಹಣೆಗಾಗಿ ತೆಗೆದ ಉತ್ಪನ್ನ ಸುತ್ತಲಿನ ಜನರ ಸ್ವಂತ ಬಳಕೆಗೆ ಆಗಬಹುದು, ವ್ಯಾಪಾರಕ್ಕೆ ಆಗದು. ಕಿತ್ತ ಲಂಟಾನದ ಕಡ್ಡಿಗೂ ಇದೇ ಮಾತು; ಪೀಠೋಪಕರಣಕ್ಕೋ ಇಟ್ಟಿಗೆ ಗೂಡಿಗೋ ಮಾರಿ ಖರ್ಚು ಸರಿದೂಗಿಸೋಣ ಅಂತ ಪ್ರಸ್ತಾವನೆಯಲ್ಲಿ ಬರೆದರೆ ಧಾಮದಲ್ಲಿ ಅದು ಅಲ್ಲಿಗೇ ನಿಲ್ಲುತ್ತೆ. 'ಪ್ರಾಣಿಗಳ ನೀರಿನಾಸರೆಗೆ ಹೂಳೆತ್ತುವುದು' ಅಂತ ಶುರುವಾದ ಕಡತದಲ್ಲಿ ರೈತರಿಗೆ ಮಣ್ಣು ಅನ್ನೋ ಸಾಲು ಸೇರಿದ ಕೂಡಲೇ ಉದ್ದೇಶವೇ ಬದಲಾಗುತ್ತೆ. ಹೂಳನ್ನ ಅಲ್ಲೇ ಏರಿಯ ಹಿಂಬದಿಗೆ ಹಾಕಿ ತುಳಿಸಿ, ಗರಿಕೆ ಹಚ್ಚಿ. ರೈತರಿಗೆ ಮಣ್ಣು ಬೇಕಾದರೆ ಊರ ಕೆರೆಯದ್ದು ಬೇರೆ ಕಡತದಲ್ಲಿ ನೋಡಿ.

ಕೆಲಸ ಮಾಡುವಾಗ ನೀರು ಬರೋ ಕಡೆ ಹೂಳು ಸುರಿಯಬೇಡಿ, ಮೊದಲ ಮಳೆಗೆ ವಾಪಸ್ ಬರುತ್ತೆ. ಕೋಡಿ ಮಟ್ಟ ಮುಟ್ಟಬೇಡಿ. ಒಂದಡಿ ಏರಿಸಿದರೆ ಏರಿ ಒಡೆಯೋ ಅಪಾಯ, ಇಳಿಸಿದರೆ ನೀರೇ ನಿಲ್ಲಲ್ಲ. ದಂಡೆ ಇಳಿಜಾರು 1ಕ್ಕೆ 3 ಇರಲಿ, ಅಂದರೆ 1 ಮೀಟರ್ ಆಳಕ್ಕೆ 3 ಮೀಟರ್ ಅಡ್ಡ. ನೇರ ಗೋಡೆ ಹೊಡೆದರೆ ಚಿಕ್ಕ ಪ್ರಾಣಿ ಇಳಿದದ್ದು ಹತ್ತಲ್ಲ. ತುಂಬಾ ಮುಖ್ಯವಾದದ್ದು: ತಳದ ಜೇಡಿ ಪದರ ಒಡೆಯಬೇಡಿ. ಕೆಲಸಕ್ಕೆ ಮುಂಚೆ ಮೂರು ಕಡೆ ಹಾರೆಯಿಂದ ಗುಣಿ ತೋಡಿ ಹೂಳು ಎಲ್ಲಿ ಮುಗಿದು ಅಂಟು ಮಣ್ಣು ಎಲ್ಲಿ ಶುರು ಅಂತ ಅಳತೆ ಮಾಡಿ, ಅದರ ಮೇಲೆ ಒಂದು ಗೇಣು ಬಿಟ್ಟು ನಿಲ್ಲಿಸಿ. ಆಳ ಜಾಸ್ತಿ ಮಾಡೋ ಹುಮ್ಮಸ್ಸಿನಲ್ಲಿ ಜೇಡಿ ಕಿತ್ತ ಕಟ್ಟೆಗಳು ನವೆಂಬರಿಗೇ ಒಣಗ್ತವೆ.

ಹೂಳು ತೆಗೆಯೋಕೆ ನೆಲ ಒಣಗಿರಬೇಕು, ಅಂದರೆ ಮಾರ್ಚ್–ಏಪ್ರಿಲ್. ಪ್ರಾಣಿಗಳಿಗೆ ನೀರು ಬೇಕಾದದ್ದೂ ಆಗಲೇ. ಹಾಗಾಗಿ ಅರ್ಧ ಈ ವರ್ಷ, ಅರ್ಧ ಮುಂದಿನ ವರ್ಷ. ಮಧ್ಯೆ ಚಿಕ್ಕ ಬದು ಹಾಕಿ ಉಳಿದ ನೀರು ಕಾಪಾಡಿ. ಬೆಳಿಗ್ಗೆ 9ರಿಂದ ಸಂಜೆ 4ರೊಳಗೆ ಮಾತ್ರ ಕೆಲಸ.

ಪಾಂಡವಪುರದಿಂದ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಪೈಪ್ ಬಗ್ಗೆಯೂ ಹೇಳಿ. ಗ್ರಾಮಸಭೆ ಠರಾವು ಇದ್ದರೆ ಅರಣ್ಯ ಹಕ್ಕು ಕಾಯ್ದೆಯಲ್ಲಿ ಆಗುತ್ತೆ ಅಂತ ಕೇಳಿದ್ದೀವಿ.

ಗಡಿಕಲ್ಲು

ಅರ್ಧ ನಿಜ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2)ರಲ್ಲಿ ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರಿನ ಕೊಳವೆ ಸೇರಿ 13 ಸೌಲಭ್ಯಗಳಿವೆ. ಒಂದೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಜಾಗ ಇರಬೇಕು, ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯೋ ಹಾಗಿಲ್ಲ, ಗ್ರಾಮಸಭೆ ಶಿಫಾರಸು ಬೇಕು. ಅರ್ಜಿ ವಲಯ ಅರಣ್ಯಾಧಿಕಾರಿಗೆ. ಅವರು ಸ್ಥಳ ನೋಡಿ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಕಳಿಸ್ತಾರೆ. ಅವರು ಒಪ್ಪದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತೆ. ಠರಾವಿಗೆ ಗ್ರಾಮಸಭೆಯ ಕನಿಷ್ಠ ಅರ್ಧದಷ್ಟು ಸದಸ್ಯರ ಹಾಜರಿ ಬೇಕು. ಪಂಚಾಯಿತಿ ಸದಸ್ಯರ ಸಾಮಾನ್ಯ ಸಭೆಯ ನಡಾವಳಿ ಗ್ರಾಮಸಭೆ ಆಗಲ್ಲ; ಈ ಒಂದು ಕಾರಣಕ್ಕೆ ಕಡತ ವಾಪಸ್ ಬರುತ್ತೆ.

ಆದರೆ ಆ ಕಲಂ ಬದಿಗಿಡೋದು 1980ರ ಕಾಯ್ದೆಯನ್ನ ಮಾತ್ರ, ವನ್ಯಜೀವಿ ಕಾಯ್ದೆಯನ್ನಲ್ಲ. ಧಾಮದೊಳಗಿನ ಒರತೆಯಿಂದ ನೀರು ಹೊರಗೆ ಒಯ್ಯೋದು ಕಲಂ 29ರ ಕೆಳಗೆ 'ನೀರಿನ ಹರಿವು ತಿರುಗಿಸುವುದು'. ಅದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ, ವನ್ಯಜೀವಿ ಮಂಡಳಿಯ ಸಮಾಲೋಚನೆ ಬೇಕು, ವನ್ಯಜೀವಿಯ ಒಳಿತಿಗೆ ಅಂತ ಸರ್ಕಾರಕ್ಕೆ ಮನವರಿಕೆಯೂ ಆಗಬೇಕು. ಬೇಸಿಗೆಯಲ್ಲಿ ಬೆಟ್ಟಕ್ಕಿರೋ ಒಂದೇ ಒರತೆಯನ್ನ ಊರಿಗೆ ಎಳೆಯೋದನ್ನ ಹಾಗೆ ವಾದಿಸೋದು ಕಷ್ಟ, ವಾದಿಸಬಾರದು ಅಂತಲೂ ನನಗನ್ನಿಸುತ್ತೆ. ಕಾಡಿನ ಹೊರಗಿನ ಮೂಲ ಹುಡುಕಿ.

ಧಾಮದ ಹೊರಗಾದರೆ ವಿಸ್ತೀರ್ಣದ ಲೆಕ್ಕ ಸರಿಯಾಗಿ ಹಾಕಿ. 600 ಮೀಟರಿಗೆ ಅಗಳಿನ ಅಗಲ 1 ಮೀಟರ್ ಹಿಡಿದು 0.06 ಹೆಕ್ಟೇರ್ ಅಂತ ಬರೀತಾರೆ. ಯಂತ್ರ ನಿಲ್ಲೋಕೆ, ಮಣ್ಣು ಹಾಕೋಕೆ 4 ಮೀಟರ್ ಬೇಕು, ಅಂದರೆ 0.24 ಹೆಕ್ಟೇರ್. ಅಷ್ಟನ್ನೇ ಬರೆಯಿರಿ. ಕಡಿಮೆ ಬರೆದು ಹೆಚ್ಚು ಅಗೆದರೆ ಉಲ್ಲಂಘನೆ. ಇಲ್ಲಾ ಕೈಯಿಂದ ಅಗೆಯೋದು ಅಂತ ಬರೆದು ಹಾಗೇ ಮಾಡಿ. ಈಗಾಗಲೇ ಇರುವ ರಸ್ತೆಯ ಹಕ್ಕಿನ ಅಗಲದೊಳಗೆ, ಮರ ಕಡಿಯದೆ, ಅಗಳು 2 ಮೀಟರ್ ಆಳ, 1 ಮೀಟರ್ ಅಗಲ ಮೀರದಂತೆ ಹಾಕೋ ನೆಲದಡಿ ಕೊಳವೆಗೆ ಧಾಮ, ರಾಷ್ಟ್ರೀಯ ಉದ್ಯಾನದ ಹೊರಗೆ ಕೇಂದ್ರದ ಸಾಮಾನ್ಯ ಒಪ್ಪಿಗೆ ಇದೆ. ದಾರಿ 200 ಮೀಟರ್ ಹೆಚ್ಚಾದರೂ ಅದೇ ವಾಸಿ.

ಬುಗುರಿ

ಹಣದ ಕಾಲವನ್ನ ಯಾರೂ ಹೇಳಲಿಲ್ಲ. ಇಲಾಖೆಯ ವಾರ್ಷಿಕ ಕಾರ್ಯಯೋಜನೆ ಏಪ್ರಿಲಿನಿಂದ ಮಾರ್ಚಿಗೆ. ಮುಂದಿನ ವರ್ಷದ ಪಟ್ಟಿಗೆ ಸೇರಬೇಕಾದರೆ ಪ್ರಸ್ತಾವನೆ ದಸರಾ ಮುಗಿಯೋ ಹೊತ್ತಿಗೆ ವಲಯ ಕಚೇರಿಯಲ್ಲಿರಲಿ. ಹಣ ಬಿಡುಗಡೆ ಸೆಪ್ಟೆಂಬರಿಗೋ ಅಕ್ಟೋಬರಿಗೋ ಆದರೆ ಲಂಟಾನ ಆಗಲೇ ಹಣ್ಣಾಗಿರುತ್ತೆ. ಆಗ 'ಹಣ ಲ್ಯಾಪ್ಸ್ ಆಗುತ್ತೆ, ಕಿತ್ತುಬಿಡಿ' ಅನ್ನೋ ಒತ್ತಡ ಬರುತ್ತೆ. ಆ ಕಂತನ್ನ ಬೆಂಕಿ ರೇಖೆಗೆ ತಿರುಗಿಸಬಹುದೇ ಅಂತ ಕೇಳಿ. ಡಿಸೆಂಬರ್–ಜನವರಿಯಲ್ಲಿ ರೇಖೆ ಸವರಿ, ತರಗು ಗುಡಿಸಿಡಬೇಕು. ಶಿವರಾತ್ರಿ ಹೊತ್ತಿಗೆ ಹುಲ್ಲು ಪೂರ್ತಿ ಒಣಗಿ ತಡವಾಗುತ್ತೆ. ತಲೆಕೆಳಗಿಟ್ಟ ಲಂಟಾನದ ಗುಡ್ಡೆಗಳು ರೇಖೆಯಿಂದ ದೂರ ಇರಲಿ.

ಪಾಂಡವಪುರದಿಂದ

ಹಾಗಾದರೆ ಸೋಮವಾರ ವಲಯ ಕಚೇರಿಗೆ ಏನೇನು ಹಿಡ್ಕೊಂಡು ಹೋಗಲಿ?

ಗಡಿಕಲ್ಲು

ಜಾಗದ ಜಾತಿ ಕೇಳೋ ಪತ್ರ ಮಾತ್ರ, ಎರಡು ಪ್ರತಿ. ಒಂದರ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಪೈಪಿನ ಮಾತು ಆ ದಿನ ಎತ್ತಬೇಡಿ. ಆ ಗಸ್ತಿನ ಅರಣ್ಯ ಪಾಲಕರನ್ನ ಕರ್ಕೊಂಡು ಅದೇ ವಾರ ಅಂಚು ನಡೀರಿ, ಹಳೇ ಗಡಿಕಲ್ಲು ಸಿಕ್ಕ ಕಡೆಯೆಲ್ಲ ಕಲ್ಲಿನ ನಂಬರು ಕಾಣೋ ಹಾಗೆ ಫೋಟೊ, ಜಿಪಿಎಸ್ ಅಂಕಿ ತೆಗೀರಿ.

ಕರಡಹುಲ್ಲು

ಹೋದಾಗ ಮಾದರಿ ತುಂಡಿಗೆ ಹಗ್ಗವನ್ನೂ ಒಯ್ಯಿರಿ. 10 ಮೀಟರ್ ಚೌಕಕ್ಕೆ 40 ಮೀಟರ್ ಬೇಕು, ಮೂಲೆ ಸರಿ ಬರೋಕೆ ಕರ್ಣ 14.1 ಮೀಟರ್ ಅಳೆದು ನೋಡಿ.